ಪ್ರೊಫಾರ್ಮಾ ಇನ್‌ವಾಯ್ಸ್ ಮೇಲೆ ಜಿಎಸ್‌ಟಿ ಕ್ರೆಡಿಟ್ ಸಿಗುತ್ತದೆಯೇ?

ಪ್ರಶ್ನೆ: ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ದಾಲ್ ಮಿಲ್ ನಡೆಸುತ್ತಿದ್ದೇನೆ. ಬೇಳೆಯನ್ನು ಬಣ್ಣದ ಮೇಲೆ ವಿಂಗಡಿಸುವ ಯಂತ್ರಕ್ಕೆ ಕೊಯಮತ್ತೂರಿನ ತಯಾರಕರು ಐಜಿಎಸ್‌ಟಿ (ರಾಜ್ಯದಿಂದ ರಾಜ್ಯಕ್ಕೆ ನಡೆಯುವ ಮಾರಾಟದ ಜಿಎಸ್‌ಟಿ) ಸೇರಿಸಿ ಪ್ರೊಫಾರ್ಮಾ ಇನ್‌ವಾಯ್ಸ್ ಕಳಿಸಿದ್ದಾರೆ; ಮುಂಗಡವನ್ನೂ ಕೊಟ್ಟಿದ್ದೇನೆ. ಆ ತೆರಿಗೆಯ ಕ್ರೆಡಿಟ್ ಈ ತಿಂಗಳೇ ಪಡೆಯಬಹುದೇ? ಬ್ಯಾಂಕಿನವರು ಕೇಳುತ್ತಿರುವ ಪ್ರೊಫಾರ್ಮಾ ಬ್ಯಾಲೆನ್ಸ್ ಶೀಟ್ ಎಂದರೇನು?
– ಓದುಗರೊಬ್ಬರು, ಕಲಬುರಗಿ

ಉತ್ತರ: ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನಿಮ್ಮ ಮಾರಾಟದ ಮೇಲಿನ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯವನ್ನು, ಈ ತಿಂಗಳು ಪಡೆಯುವಂತಿಲ್ಲ. ಮಾಲು ಕಳಿಸುವ ಮೊದಲೇ ದರ, ಷರತ್ತು, ಸಾಗಣೆ ವೆಚ್ಚ ಮತ್ತು ತಗಲಬಹುದಾದ ತೆರಿಗೆಯನ್ನು ಬಿಲ್ಲಿನ ನಮೂನೆಯಲ್ಲಿಯೇ ಬರೆದು ಕೊಡುವ ಪ್ರಸ್ತಾವವೇ ಪ್ರೊಫಾರ್ಮಾ ಇನ್‌ವಾಯ್ಸ್. ನೋಡಲು ಬಿಲ್ಲಿನಂತಿದ್ದರೂ ಅದರಿಂದ ಮಾರಾಟ ನಡೆದಂತಾಗುವುದಿಲ್ಲ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ತೆರಿಗೆ ಇನ್‌ವಾಯ್ಸ್ ನಿಮ್ಮ ಕೈಯಲ್ಲಿರಬೇಕು, ಯಂತ್ರ ನಿಮಗೆ ತಲುಪಿರಬೇಕು, ಮಾರಿದವರು ತೋರಿಸಿದ ವಿವರ ನಿಮಗೆ ಸಿಗಬಹುದಾದ ಕ್ರೆಡಿಟ್ ತೋರಿಸುವ ಜಿಎಸ್‌ಟಿ ಪೋರ್ಟಲ್‌ನ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಿಕೊಂಡಿರಬೇಕು. ಅಲ್ಲಿಯವರೆಗೆ ಕೊಟ್ಟ ಹಣವನ್ನು ಖರೀದಿ ಎಂದು ಬರೆಯದೆ ಸರಬರಾಜುದಾರರಿಗೆ ಕೊಟ್ಟ ಮುಂಗಡ ಎಂದೇ ಲೆಕ್ಕದಲ್ಲಿ ತೋರಿಸಿ, ಅದಕ್ಕೆ ರಸೀದಿ ವೋಚರ್ ಕೇಳಿ ಪಡೆಯಿರಿ. ಲಾರಿ ಹೊರಡುವಾಗಲೂ ಇ-ವೇ ಬಿಲ್ಲಿನ ಜೊತೆಗೆ ತೆರಿಗೆ ಇನ್‌ವಾಯ್ಸ್ ಬೇಕು, ಪ್ರೊಫಾರ್ಮಾ ಸಾಲದು.

ನೀವು ಕೇಳದಿದ್ದರೂ ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. 2022ರ ಜುಲೈ 18ರಿಂದ 25 ಕಿಲೋವರೆಗಿನ, ಲೇಬಲ್ ಹಚ್ಚಿದ ಪ್ಯಾಕೆಟ್ಟಿನ ಬೇಳೆಗೆ ತೆರಿಗೆ ಇದೆ. ಬಿಡಿಯಾಗಿ ಮಾರುವ ಬೇಳೆಗೂ ಅದಕ್ಕಿಂತ ದೊಡ್ಡ ಚೀಲದ ಬೇಳೆಗೂ ವಿನಾಯಿತಿ ಇದೆ. ನಿಮ್ಮ ಮಿಲ್ಲಿನಿಂದ ಹೊರಡುವುದೆಲ್ಲ ದೊಡ್ಡ ಚೀಲಗಳೇ ಆಗಿದ್ದರೆ, ತೆರಿಗೆ ಇನ್‌ವಾಯ್ಸ್ ಬಂದ ಮೇಲೂ ಯಂತ್ರದ ಮೇಲಿನ ಕ್ರೆಡಿಟ್ ಸಿಗುವುದಿಲ್ಲ. ಎರಡೂ ಬಗೆಯ ವ್ಯಾಪಾರವಿದ್ದರೆ ತೆರಿಗೆ ಬೀಳುವ ಮಾರಾಟದ ಪ್ರಮಾಣಕ್ಕೆ ತಕ್ಕಷ್ಟೇ ಸಿಗುತ್ತದೆ. ಹೀಗಾಗಿ ಯಂತ್ರದ ಬೆಲೆಯಲ್ಲಿ ತೆರಿಗೆಯನ್ನು ಕಳೆದು ಲಾಭ ಎಣಿಸುವ ಮೊದಲು ನಿಮ್ಮ ಲೆಕ್ಕ ಪರಿಶೋಧಕರನ್ನು ಕೇಳುವುದು ಒಳ್ಳೆಯದು.

ಪ್ರೊಫಾರ್ಮಾ ಬ್ಯಾಲೆನ್ಸ್ ಶೀಟ್ ಬೇರೆಯೇ ಕಾಗದ. ಸಾಲ ಮಂಜೂರಾಗಿ ಯಂತ್ರ ಓಡತೊಡಗಿದರೆ ಮುಂದಿನ ವರ್ಷಗಳಲ್ಲಿ ನಿಮ್ಮ ಆಸ್ತಿ, ಸಾಲ, ಬಂಡವಾಳ ಎಷ್ಟಿರಬಹುದು ಎಂಬ ಅಂದಾಜನ್ನು ಅದು ಲೆಕ್ಕಪತ್ರದ ರೂಪದಲ್ಲಿ ತೋರಿಸುತ್ತದೆ. ಅಂಕಿಗಳಿಗಿಂತ ಅವುಗಳ ಹಿಂದಿನ ಊಹೆಗಳೇ ಇಲ್ಲಿ ಮುಖ್ಯ: ತೊಗರಿಯ ದರ, ಮಿಲ್ ಓಡುವ ದಿನಗಳು, ಸುಗ್ಗಿಯಲ್ಲಿ ಕಾಳು ಕೊಂಡಿಡಲು ಬೇಕಾದ ದುಡಿಯುವ ಬಂಡವಾಳ. ಮಳೆ ಕೈಕೊಟ್ಟು ಆವಕ ಕುಸಿದ ವರ್ಷವನ್ನೂ ಲೆಕ್ಕಕ್ಕೆ ಹಿಡಿಯದೆ, ವರ್ಷವಿಡೀ ಮಿಲ್ ಪೂರ್ಣ ಸಾಮರ್ಥ್ಯದಲ್ಲಿ ಓಡುತ್ತದೆಂದು ತೋರಿಸಿದ ಅಂದಾಜನ್ನು ಈ ಭಾಗದ ವ್ಯವಹಾರ ಬಲ್ಲ ಬ್ಯಾಂಕ್ ಅಧಿಕಾರಿ ಸುಲಭವಾಗಿ ಒಪ್ಪಲಾರರು.