ಬಳ್ಳಿ ಕತ್ತರಿಸುವ ಮುಂಚೆ, ಬ್ಯಾಂಕಿಗೆ ಸಹಿ ಹಾಕುವ ಮುಂಚೆ

ಕಳೆದ ಸಂಚಿಕೆಯಲ್ಲಿ ಬಸುರಿಯರ ರಕ್ತಹೀನತೆಯ ಬಗ್ಗೆ ಬರೆದಿದ್ದೆ. ಅದರ ಬೆನ್ನಿಗೇ ಬಂದ ಪತ್ರಗಳಲ್ಲಿ ಹೆಚ್ಚಿನವು ಹೊಕ್ಕುಳಬಳ್ಳಿಯ ಬಗ್ಗೆಯೇ ಇವೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟು ಈ ಸಲ ಇವಕ್ಕಷ್ಟೇ ಉತ್ತರಿಸುತ್ತೇನೆ.

ಪ್ರಶ್ನೆ: ನಮಸ್ಕಾರ ಡಾಕ್ಟರ್. ನಾವು ಕುಂದಾಪುರದ ಕಡೆಯವರು, ಡೊಂಬಿವಲಿಯಲ್ಲಿದ್ದೇವೆ. ನನಗೆ ಏಳು ತಿಂಗಳು ತುಂಬಿದೆ, ಚೊಚ್ಚಲು. ಚೆಕಪ್‌ಗೆ ಹೋದಾಗ ಹೊರಗೆ ಕೂತಿದ್ದ ಹುಡುಗಿಯೊಬ್ಬಳು ನಮ್ಮ ನಂಬರ್ ತಗೊಂಡಳು. ಆಮೇಲೆ ಫೋನ್ ನಿಂತೇ ಇಲ್ಲ. ಹೊಕ್ಕುಳಬಳ್ಳಿಯ ರಕ್ತ ಬ್ಯಾಂಕಿನಲ್ಲಿಟ್ಟರೆ ಮಗುವಿಗೆ ಜೀವಮಾನದ ವಿಮೆ, ಎಂಬತ್ತು ಕಾಯಿಲೆಗೆ ಮದ್ದು ಅನ್ನುತ್ತಾಳೆ. ಅರ್ಧ ಲಕ್ಷಕ್ಕೂ ಮೇಲೆ ಖರ್ಚು, ಇಎಂಐ ಉಂಟಂತೆ. ನನ್ನವರು ಹೋಟೆಲಿನಲ್ಲಿ ಮ್ಯಾನೇಜರ್. ಅತ್ತೆ, 'ದುಡ್ಡು ಹೇಗಾದರೂ ಹೊಂದಿಸುವ, ನಾಳೆ ಮಗುವಿಗೆ ಏನಾದರೂ ಆದರೆ ಜೀವಮಾನ ಕೊರಗಬೇಕಾಗುತ್ತದೆ' ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಬೇಡ. ನಿಮ್ಮ ಕುಟುಂಬದಲ್ಲಿ ರಕ್ತದ ಗಂಭೀರ ಕಾಯಿಲೆ ಇರುವವರು ಯಾರೂ ಇಲ್ಲದಿದ್ದರೆ ಈ ಖರ್ಚು ಖಂಡಿತ ಬೇಡ. ಅತ್ತೆಯವರದು ಮೊಮ್ಮಗುವಿನ ಮೇಲಿನ ಪ್ರೀತಿಯಿಂದ ಬಂದ ಮಾತು. ಆ ಪ್ರೀತಿಯನ್ನೇ ಹೆದರಿಕೆ ಮಾಡಿ ಮಾರುತ್ತಾರಲ್ಲ, ಅದಕ್ಕೆ ನನಗೆ ಸಿಟ್ಟು ಬರುವುದು.

ಎಂಬತ್ತು ಕಾಯಿಲೆಯ ಮಾತು ಪೂರ್ತಿ ಸುಳ್ಳಲ್ಲ. ಬಳ್ಳಿಯ ರಕ್ತದಲ್ಲಿ ಹೊಸ ರಕ್ತಕಣಗಳನ್ನು ಹುಟ್ಟಿಸುವ ಸ್ಟೆಮ್ ಸೆಲ್‌ಗಳಿವೆ. ರಕ್ತದ ಕ್ಯಾನ್ಸರ್, ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟದ ಆನುವಂಶಿಕ ಕಾಯಿಲೆಯಾದ ಥಲಸ್ಸೇಮಿಯಾ, ಇಂಥವುಗಳಲ್ಲಿ ಅಸ್ಥಿಮಜ್ಜೆಯ (ಮೂಳೆಯೊಳಗೆ ರಕ್ತ ಹುಟ್ಟುವ ತಿರುಳು) ಬದಲು ಅದನ್ನು ಕೊಡುವುದುಂಟು. ಆದರೆ ಯಾರದ್ದು ಯಾರಿಗೆ ಎಂಬುದನ್ನು ಆ ಹುಡುಗಿ ನಿಮಗೆ ಹೇಳಿರಲಿಕ್ಕಿಲ್ಲ. ಜಗತ್ತಿನಲ್ಲಿ ಮೊದಲು ಈ ಚಿಕಿತ್ಸೆ ನಡೆದದ್ದು 1988ರಲ್ಲಿ, ಪ್ಯಾರಿಸ್ಸಿನಲ್ಲಿ, ಡಾ. ಎಲಿಯಾನ್ ಗ್ಲುಕ್‌ಮನ್ ಅವರ ಕೈಯಲ್ಲಿ. ಫ್ಯಾಂಕೋನಿ ಅನೀಮಿಯಾ ಎಂಬ ಹುಟ್ಟುಕಾಯಿಲೆ ಇದ್ದ ಹುಡುಗ ಅದರಿಂದ ಗುಣವಾದ. ಅವನಿಗೆ ಕೊಟ್ಟದ್ದು ಅವನ ಪುಟ್ಟ ತಂಗಿಯ ಬಳ್ಳಿಯ ರಕ್ತ. ಅವನದ್ದೇ ರಕ್ತ ತೆಗೆದಿಟ್ಟಿದ್ದರೆ ಏನೂ ಪ್ರಯೋಜನವಾಗುತ್ತಿರಲಿಲ್ಲ, ಏಕೆಂದರೆ ವಂಶವಾಹಿಯ ದೋಷ ಆ ರಕ್ತದಲ್ಲೂ ಇರುತ್ತಿತ್ತು. ಥಲಸ್ಸೇಮಿಯಾಕ್ಕೂ ಇದೇ ಮಾತು. ರಕ್ತದ ಕ್ಯಾನ್ಸರ್ ಬಂದ ಮಗುವಿಗೂ ಅದರದ್ದೇ ಬಳ್ಳಿಯ ರಕ್ತ ಕೊಡಲು ತಜ್ಞರು ಹಿಂಜರಿಯುತ್ತಾರೆ, ರೋಗದ ಬೀಜ ಹುಟ್ಟುವಾಗಲೇ ಅದರಲ್ಲಿ ಇದ್ದಿರಬಹುದು. ಆಟಿಸಂ, ಸೆರೆಬ್ರಲ್ ಪಾಲ್ಸಿಯ ಹೆಸರನ್ನೂ ಪಟ್ಟಿಗೆ ಸೇರಿಸಿ ಹೇಳುವವರಿದ್ದಾರೆ. ಅವಕ್ಕೆ ಇದು ಸಾಬೀತಾದ ಚಿಕಿತ್ಸೆಯೇ ಅಲ್ಲ.

ಅಂದರೆ ತನ್ನ ರಕ್ತ ತನಗೇ ಬೇಕಾಗಿ ಬರುವ ಪ್ರಸಂಗ ಬಹಳ ಅಪರೂಪ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಕೊಟ್ಟಿರುವ ಅಂದಾಜು ಮೊದಲ 20 ವರ್ಷಗಳಲ್ಲಿ ಶೇ. 0.04ರಿಂದ ಶೇ. 0.0005. ಹೆಚ್ಚೆಂದರೆ ಎರಡೂವರೆ ಸಾವಿರ ಮಕ್ಕಳಲ್ಲಿ ಒಬ್ಬರಿಗೆ, ಕಡಿಮೆಯೆಂದರೆ ಎರಡು ಲಕ್ಷದಲ್ಲಿ ಒಬ್ಬರಿಗೆ. ಇಂಥ ಖಾಸಗಿ ಶೇಖರಣೆಯನ್ನು ಐಸಿಎಂಆರ್ ಶಿಫಾರಸು ಮಾಡುವುದಿಲ್ಲ, ಮಕ್ಕಳ ವೈದ್ಯರ ಸಂಘಟನೆಯೂ ಮಾಡುವುದಿಲ್ಲ. ಇನ್ನೊಂದು ವಿಷಯ: ಬಳ್ಳಿಯ ರಕ್ತ ತುಂಬಿಡುವ ಚೀಲದಲ್ಲಿ ಸಿಗುವ ಕಣಗಳು ಸಣ್ಣ ಮಗುವಿನ ಮೈತೂಕಕ್ಕೆ ಸಾಕಾದಾವು, ಬೆಳೆದವರಿಗೆ ಒಂದೇ ಚೀಲ ಬಹಳ ಸಲ ಸಾಲುವುದಿಲ್ಲ. 'ಜೀವಮಾನದ' ಎನ್ನುವಾಗ ಇದನ್ನೂ ಹೇಳಬೇಕಲ್ಲವೇ?

ಈಗ ನೀವು ಕೇಳದೇ ಇರುವ, ಆದರೆ ನಾನು ಹೇಳಲೇಬೇಕಾದ ಮಾತು. ಆ ರಕ್ತ ಯಾರದ್ದು? ಮಗುವಿನದ್ದು. ಹುಟ್ಟಿದ ಗಳಿಗೆಯಲ್ಲಿ ಮಗುವಿನ ಒಟ್ಟು ರಕ್ತದಲ್ಲಿ ಸುಮಾರು ಮೂರನೇ ಒಂದು ಪಾಲು ಇನ್ನೂ ಮಾಸಿನಲ್ಲೇ ಇರುತ್ತದೆ. ಬಳ್ಳಿಯನ್ನು ಕೂಡಲೇ ಬಿಗಿಯದೆ ಬಿಟ್ಟರೆ ಮೂರು ನಿಮಿಷದೊಳಗೆ 80ರಿಂದ 100 ಮಿಲಿಲೀಟರ್ ರಕ್ತ ಮಗುವಿಗೆ ಹರಿದು ಬರುತ್ತದೆ, ಅದರಲ್ಲೂ ದೊಡ್ಡ ಭಾಗ ಮೊದಲ ನಿಮಿಷದಲ್ಲೇ. ಮೂರು ಕಿಲೋ ಮಗುವಿನ ಮೈಯಲ್ಲಿರುವ ರಕ್ತವೇ ಕಾಲು ಲೀಟರಿನ ಆಸುಪಾಸು ಎಂದ ಮೇಲೆ ಇದು ಎಷ್ಟು ದೊಡ್ಡದು ನೋಡಿ. ಮೊದಲ ಉಸಿರಿಗೆ ಶ್ವಾಸಕೋಶದ ರಕ್ತನಾಳಗಳು ತೆರೆದುಕೊಳ್ಳುತ್ತವೆ, ಅವಕ್ಕೆ ತುಂಬಿಕೊಳ್ಳಲು ರಕ್ತ ಬೇಕು. ಅದು ಬರುವುದು ಈ ದಾರಿಯಲ್ಲಿ. ಜೊತೆಗೆ ಬರುವ ಕಬ್ಬಿಣದ ಅಂಶ ಸುಮಾರು ಆರು ತಿಂಗಳವರೆಗೆ ಮಗುವಿನ ಕೈ ಹಿಡಿಯುತ್ತದೆ. ತಾಯಿ ಹಾಲಿನಲ್ಲಿ ಕಬ್ಬಿಣ ಕಡಿಮೆ, ಈ ದಾಸ್ತಾನಿನ ಮೇಲೆಯೇ ಮಗು ಬೆಳೆಯಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಶೇ. 67ರಷ್ಟು ಮಂದಿಗೆ ರಕ್ತಹೀನತೆ ಇತ್ತು. ನೂರಕ್ಕೆ ಅರವತ್ತೇಳು! ಹೆಚ್ಚೆಂದರೆ ಎರಡೂವರೆ ಸಾವಿರದಲ್ಲಿ ಒಬ್ಬರಿಗೆ ಬೇಕಾಗಬಹುದಾದ ರಕ್ತಕ್ಕಾಗಿ, ಮೂವರಲ್ಲಿ ಇಬ್ಬರನ್ನು ಕಾಡುವ ಕಾಯಿಲೆಯನ್ನು ಮರೆಯುವುದು ಯಾವ ನ್ಯಾಯ?

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಹುಟ್ಟಿದ ಒಂದು ನಿಮಿಷದ ಒಳಗೆ ಬಳ್ಳಿ ಬಿಗಿಯುವ ಕ್ಲ್ಯಾಂಪ್ ಹಾಕಬೇಡಿ ಎಂದು. ನಮ್ಮ ಕಾಲದಲ್ಲಿ ಕೂಡಲೇ ಹಾಕುವುದನ್ನೇ ಕಲಿಸುತ್ತಿದ್ದರು, ಇಲ್ಲದಿದ್ದರೆ ತಾಯಿಗೆ ರಕ್ತಸ್ರಾವ ಹೆಚ್ಚಬಹುದೆಂಬ ಭಯವಿತ್ತು. ಕಾದು ನೋಡಿದ ಅಧ್ಯಯನಗಳಲ್ಲಿ ಹಾಗೆ ಹೆಚ್ಚಿದ್ದು ಕಾಣಲಿಲ್ಲ. ಗರ್ಭಕೋಶ ಬಿಗಿಯಾಗಲು ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್ ಆಗಲೂ ಕೊಡುತ್ತೇವೆ, ಅದಕ್ಕೇನೂ ಅಡ್ಡಿಯಿಲ್ಲ. ಪಾಲಿಕೆಯ ಹೆರಿಗೆ ಆಸ್ಪತ್ರೆಯಲ್ಲಿ ನನ್ನ ಜೊತೆಗಿದ್ದ ಹಿರಿಯ ಸಿಸ್ಟರ್ ಒಬ್ಬರು ಗೋಡೆ ಗಡಿಯಾರ ನೋಡುತ್ತ 'ಏಕ್ ಮಿನಿಟ್ ಝಾಲಾ, ಡಾಕ್ಟರ್' ಎಂದು ಜೋರಾಗಿ ಹೇಳುವವರೆಗೆ ಯಾರೂ ಕ್ಲ್ಯಾಂಪಿಗೆ ಕೈ ಹಾಕುತ್ತಿರಲಿಲ್ಲ. ಅಷ್ಟು ಹೊತ್ತು ಮಗು ಒರೆಸಿಕೊಂಡು, ಬೆಚ್ಚಗೆ, ತಾಯಿಯ ಹೊಟ್ಟೆಯ ಮೇಲೆಯೇ ಇರುತ್ತಿತ್ತು. ರಕ್ತ ಹರಿಯಲೆಂದು ಮಗುವನ್ನು ಕೆಳಗೆ ಹಿಡಿಯಬೇಕಾದ ಅಗತ್ಯವಿಲ್ಲ.

ನಿಮ್ಮ ಮುಂದಿನ ಚೆಕಪ್‌ನಲ್ಲಿ ಡಾಕ್ಟರಿಗೆ ಹೀಗೆ ಹೇಳಿ: 'ಮಗು ಚೆನ್ನಾಗಿ ಅತ್ತರೆ ಒಂದರಿಂದ ಮೂರು ನಿಮಿಷ ಕಾದು ಬಳ್ಳಿ ಕತ್ತರಿಸಿ.' ಫೈಲಿನಲ್ಲಿ ಬರೆಸಿ. ಸಿಸೇರಿಯನ್ ಆದರೂ ಸಾಧ್ಯ. ಮಗು ಉಸಿರಾಡದೆ ಸುಮ್ಮನಿದ್ದರೆ ಮಾತ್ರ ಉಸಿರು ಮೊದಲು, ಆಗ ವೈದ್ಯರು ಬೇಗ ಕತ್ತರಿಸಿದರೆ ಬೇಸರ ಪಡಬೇಡಿ. ಇಎಂಐ ಕಟ್ಟುವ ದುಡ್ಡು ಬಾಣಂತನಕ್ಕೆ, ನಿಮ್ಮ ಊಟಕ್ಕೆ ಇರಲಿ.

ಪ್ರಶ್ನೆ: ನಾವು ಖಾರ್ಘರ್‌ನಲ್ಲಿದ್ದೇವೆ. ಬ್ಯಾಂಕಿಗೆ ಈಗಾಗಲೇ ಮುಂಗಡ ಕಟ್ಟಿ ಸಹಿ ಹಾಕಿದ್ದೇವೆ. ಈಗ ನಮ್ಮ ಡಾಕ್ಟರ್ ಬಳ್ಳಿ ತಡವಾಗಿ ಕತ್ತರಿಸುತ್ತೇನೆ ಅನ್ನುತ್ತಾರೆ, ಕಂಪನಿಯವರು ಹಾಗೆ ಮಾಡಿದರೆ ರಕ್ತ ಸಾಲುವುದಿಲ್ಲ ಅನ್ನುತ್ತಾರೆ. ಯಾರ ಮಾತು ಕೇಳಬೇಕು?

ಉತ್ತರ: ಡಾಕ್ಟರ ಮಾತು. ಕಂಪನಿಯವರು ಹೇಳುವುದೂ ನಿಜವೇ, ಮಗುವಿಗೆ ಹೋದಷ್ಟು ಚೀಲಕ್ಕೆ ಕಡಿಮೆ. ಆದರೆ ಚೀಲ ತುಂಬಿಸಲಿಕ್ಕಾಗಿ ಮಗುವಿಗೆ ಕಡಿಮೆ ಮಾಡುವುದು ಸರಿಯಲ್ಲ. ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು ಕೂಡ ಶೇಖರಣೆಗೋಸ್ಕರ ಕ್ಲ್ಯಾಂಪ್ ಹಾಕುವ ಸಮಯ ಬದಲಿಸಬಾರದು ಎಂದೇ ಹೇಳಿದೆ. ಒಂದು ನಿಮಿಷ ಕಾದ ಮೇಲೂ ಮಾಸಿನಲ್ಲಿ ಸ್ವಲ್ಪ ಉಳಿದಿರುತ್ತದೆ, ಬೇಕಾದರೆ ಅದನ್ನು ತೆಗೆದುಕೊಳ್ಳಲಿ. ಒಪ್ಪಂದದ ಕಾಗದ ಹೊರಗೆ ತೆಗೆದು ಎರಡು ವಿಷಯ ನೋಡಿ: ಕಣಗಳ ಸಂಖ್ಯೆ ಕಡಿಮೆ ಬಂದರೆ ಹಣ ವಾಪಸು ಇದೆಯೇ, ಹೆರಿಗೆಗೆ ಮುಂಚೆ ರದ್ದು ಮಾಡಿದರೆ ಎಷ್ಟು ಹಿಡಿಯುತ್ತಾರೆ. ಫೋನಿನಲ್ಲಿ ಹೇಳಿದ್ದನ್ನು ನಂಬಬೇಡಿ, ಬರೆದು ಕೊಡಲು ಹೇಳಿ. ಈ ಶೇಖರಣೆಯಿಂದ ಆಸ್ಪತ್ರೆಗೆ ಏನಾದರೂ ಸಲ್ಲುತ್ತದೆಯೇ ಎಂದು ಕೇಳುವ ಹಕ್ಕೂ ನಿಮಗಿದೆ. ಸಂಕೋಚ ಬೇಡ, ಪ್ರಾಮಾಣಿಕ ವೈದ್ಯರಿಗೆ ಆ ಪ್ರಶ್ನೆಯಿಂದ ನೋವಾಗುವುದಿಲ್ಲ.

ಪ್ರಶ್ನೆ: ಪಿಂಪ್ರಿಯಿಂದ ಬರೆಯುತ್ತಿದ್ದೇನೆ, ದಯವಿಟ್ಟು ಹೆಸರು ಹಾಕಬೇಡಿ. ನನ್ನ ದೊಡ್ಡ ಮಗನಿಗೆ ಥಲಸ್ಸೇಮಿಯಾ ಮೇಜರ್. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತೇವೆ. ಈಗ ಮತ್ತೆ ಗರ್ಭಿಣಿ, ಎರಡೂವರೆ ತಿಂಗಳು. ಈ ಮಗುವಿನ ಬಳ್ಳಿಯ ರಕ್ತ ಇಟ್ಟರೆ ಅಣ್ಣನಿಗೆ ಆಗುತ್ತದೆಯೇ?

ಉತ್ತರ: ಆಗಬಹುದು. ಡೊಂಬಿವಲಿಯವರಿಗೆ ಬೇಡ ಅಂದ ನಾನೇ ನಿಮಗೆ ಬೇರೆ ಉತ್ತರ ಕೊಡುತ್ತಿದ್ದೇನೆ, ಏಕೆಂದರೆ ನಿಮ್ಮ ಮನೆಯಲ್ಲಿ ಕಾಯುತ್ತಿರುವ ಮಗು ಇದೆ. ಐಸಿಎಂಆರ್ ಕೂಡ ಇಂಥ ಕುಟುಂಬಗಳಿಗೆ ಶೇಖರಣೆ ಒಪ್ಪುತ್ತದೆ. ಆದರೆ ಅದಕ್ಕಿಂತ ಮೊದಲು ಇನ್ನೊಂದು ಕೆಲಸ ಇದೆ, ಅದನ್ನು ಈ ವಾರವೇ ಮಾಡಬೇಕು. ನೀವಿಬ್ಬರೂ ವಾಹಕರು, ಅಂದರೆ ಕಾಯಿಲೆ ಇಲ್ಲದಿದ್ದರೂ ಅದರ ವಂಶವಾಹಿ ಇರುವವರು, ಹಾಗಾಗಿ ಹೊಟ್ಟೆಯಲ್ಲಿರುವ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹತ್ತರಿಂದ ಹನ್ನೆರಡು ವಾರದ ಹೊತ್ತಿಗೆ ಮಾಸಿನಿಂದ ಚೂರು ತೆಗೆದು ಪರೀಕ್ಷೆ ಮಾಡಿದರೆ ತಿಳಿಯುತ್ತದೆ. ಮುಂಬೈ ಪರೇಲಿನ ಕೆಇಎಂ ಆಸ್ಪತ್ರೆಯ ಆವರಣದಲ್ಲೇ ಐಸಿಎಂಆರ್‌ನ ರಾಷ್ಟ್ರೀಯ ಇಮ್ಯುನೊಹಿಮಟಾಲಜಿ ಸಂಸ್ಥೆ ಇದೆ, ಈ ಪರೀಕ್ಷೆಯಲ್ಲಿ ಅವರಿಗೆ ಬಹಳ ಅನುಭವ. ಮಗನಿಗೆ ರಕ್ತ ಹಾಕುವ ಡಾಕ್ಟರರಿಂದ ಚೀಟಿ, ನಿಮ್ಮಿಬ್ಬರ ಮತ್ತು ಮಗನ ಹಳೆಯ ರಿಪೋರ್ಟುಗಳನ್ನು ಹಿಡಿದು ಹೋಗಿ.

ಮಗುವಿಗೆ ಕಾಯಿಲೆ ಇಲ್ಲವೆಂದಾದರೆ ಎಚ್‌ಎಲ್‌ಎ ಹೊಂದಾಣಿಕೆ, ಅಂದರೆ ಒಬ್ಬರ ಕಣಗಳನ್ನು ಇನ್ನೊಬ್ಬರ ಮೈ ಒಪ್ಪುವಂತೆ ಗುರುತುಗಳು ಹೊಂದುತ್ತವೆಯೇ ಎಂದು, ನೋಡುತ್ತಾರೆ. ಒಡಹುಟ್ಟಿದವರಲ್ಲಿ ಅದು ಕೂಡಿ ಬರುವುದೂ ನಾಲ್ಕರಲ್ಲಿ ಒಂದು ಸಲ. ಕೂಡಿ ಬಾರದಿದ್ದರೆ ಅದು ಯಾರ ತಪ್ಪೂ ಅಲ್ಲ, ನಿಮ್ಮ ಹೊಟ್ಟೆಯ ಮಗುವಿನದ್ದಂತೂ ಅಲ್ಲವೇ ಅಲ್ಲ. ಕೂಡಿ ಬಂದರೂ ಬಳ್ಳಿಯ ರಕ್ತ ಒಂದೇ ದಾರಿ ಅಂದುಕೊಳ್ಳಬೇಡಿ. ಮಗು ಸ್ವಲ್ಪ ಬೆಳೆದ ಮೇಲೆ ಅದರ ಅಸ್ಥಿಮಜ್ಜೆಯಿಂದಲೂ ಅಣ್ಣನಿಗೆ ಕೊಡಬಹುದು. ಹಾಗಾಗಿ ಬಳ್ಳಿ ಎಷ್ಟು ಹೊತ್ತಿಗೆ ಕತ್ತರಿಸಬೇಕು ಎಂಬುದನ್ನು ಮಗನ ರಕ್ತರೋಗ ತಜ್ಞರು ಮತ್ತು ಹೆರಿಗೆ ಮಾಡಿಸುವವರು ಮುಂಚೆಯೇ ಕೂತು ನಿರ್ಧರಿಸಲಿ. ಬೊರಿವಲಿಯಲ್ಲಿ ಮುಂಬೈ ಪಾಲಿಕೆಯೇ ನಡೆಸುವ ಥಲಸ್ಸೇಮಿಯಾ ಮತ್ತು ಅಸ್ಥಿಮಜ್ಜೆ ಕಸಿ ಕೇಂದ್ರವಿದೆ, ಅಲ್ಲಿಯೂ ಒಮ್ಮೆ ಮಗನನ್ನು ತೋರಿಸಿ. ಫಲಿತಾಂಶ ಏನೇ ಬರಲಿ, ನನಗೆ ಇನ್ನೊಂದು ಪತ್ರ ಬರೆಯಿರಿ.

ಪ್ರಶ್ನೆ: ಮುಲುಂಡಿನಲ್ಲಿ ಮಗಳ ಹೆರಿಗೆಯಾಯಿತು. ಡಾಕ್ಟರ್ ಬಳ್ಳಿಯನ್ನು ಎರಡು ನಿಮಿಷ ಹಾಗೇ ಬಿಟ್ಟರಂತೆ. ಮೂರನೇ ದಿನ ಮೊಮ್ಮಗನಿಗೆ ಕಾಮಾಲೆ, ಲೈಟಿನ ಕೆಳಗೆ ಇಟ್ಟರು. ರಕ್ತ ಹೆಚ್ಚಾದ್ದರಿಂದಲೇ ಹೀಗಾಯಿತು ಎಂದು ಬಿಲ್ಡಿಂಗಿನವರು ಹೇಳುತ್ತಿದ್ದಾರೆ. ನಿಜವೇ?

ಉತ್ತರ: ಅಮ್ಮಾ, ಅದರಲ್ಲಿ ಒಂದು ಎಳೆ ನಿಜವಿದೆ. ಕಾದು ಕತ್ತರಿಸಿದ ಮಕ್ಕಳಲ್ಲಿ ಲೈಟಿನ ಚಿಕಿತ್ಸೆ ಬೇಕಾದವರು ತುಸು ಹೆಚ್ಚು ಎಂದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಎರಡನೇ, ಮೂರನೇ ದಿನದ ಕಾಮಾಲೆ ಕೂಡಲೇ ಕತ್ತರಿಸಿದ ಮಕ್ಕಳಿಗೂ ಬರುತ್ತದೆ, ನಿಮ್ಮ ಮೊಮ್ಮಗನಿಗೆ ಇದೇ ಕಾರಣ ಎಂದು ಯಾರೂ ಹೇಳಲಾರರು. ಲೈಟಿನಿಂದ ಅದು ಇಳಿಯುತ್ತದೆ. ಸಿಕ್ಕ ಕಬ್ಬಿಣ ತಿಂಗಳುಗಟ್ಟಲೆ ಉಳಿಯುತ್ತದೆ. ಡಾಕ್ಟರ್ ಮಾಡಿದ್ದು ಸರಿಯಾಗಿಯೇ ಇದೆ.

ಮಗಳಿಗೆ ಹಗಲು ರಾತ್ರಿ ಎರಡು ಮೂರು ಗಂಟೆಗೊಮ್ಮೆ ಹಾಲು ಕುಡಿಸಲು ಹೇಳಿ, ಮಗು ಮಲಗಿದ್ದರೂ ಎಬ್ಬಿಸಿ. ಬಿಸಿಲಿಗೆ ಹಿಡಿಯುವುದು ಲೈಟಿನ ಬದಲಿಯಲ್ಲ. ಅಂಗೈ ಅಂಗಾಲಿನವರೆಗೆ ಹಳದಿ ಇಳಿದರೆ, ಮಗು ಹಾಲು ಬಿಟ್ಟು ಮಂಕಾದರೆ ತಡಮಾಡದೆ ಕರೆದೊಯ್ಯಿರಿ. ಓದುವ ಉಳಿದವರಿಗೂ ಒಂದು ಮಾತು: ಹುಟ್ಟಿದ ಮೊದಲ ದಿನವೇ ಕಾಣಿಸುವ ಕಾಮಾಲೆಯನ್ನು ಎಂದೂ ಮಾಮೂಲಿ ಅಂದುಕೊಳ್ಳಬೇಡಿ.

ಪ್ರಶ್ನೆ: ವಾಸ್ಕೋದಾಗ ಇರ್ತೀವ್ರಿ, ಊರು ಬಾಗಲಕೋಟಿ ಕಡೆ. ನಮ್ಮವ್ವ ಬಾಣಂತನಕ್ಕ ಬಂದಾಳ. ಕೂಸಿನ ಹೊಕ್ಕಳಕ್ಕ ಅರಿಶಿಣ, ಎಣ್ಣಿ ಹಚ್ಚೂಣು ಅಂತಾಳ. ದವಾಖಾನ್ಯಾಗ ಏನೂ ಹಚ್ಚಬ್ಯಾಡ್ರಿ ಅಂದಾರ. ಅವ್ವಗ ಏನು ಹೇಳ್ಲಿ?

ಉತ್ತರ: ಅವ್ವನಿಗೆ ಕೂಸಿನ ಮೈಗೆ ಎಣ್ಣೆ ಹಚ್ಚುವ ಕೆಲಸ ಕೊಡಿ, ಹೊಕ್ಕುಳ ಮಾತ್ರ ಒಣಗಲು ಬಿಡಲಿ. ಅರಿಶಿಣ, ಎಣ್ಣೆ, ಬೂದಿ, ಪೌಡರ್ ಯಾವುದೂ ಬೇಡ. ಅಲ್ಲಿ ಕೊಳೆ ಸೇರಿ ಧನುರ್ವಾಯುವಾಗಿ ಕೂಸುಗಳು ಹೋದದ್ದನ್ನು ಅವ್ವ ಚಿಕ್ಕಂದಿನಲ್ಲಿ ಕೇಳಿರಬಹುದು. ತಾಯಂದಿರಿಗೆ ಟಿಟಿ ಇಂಜೆಕ್ಷನ್, ಶುಚಿಯಾದ ಹೆರಿಗೆಗಳಿಂದ 2015ರ ಹೊತ್ತಿಗೆ ನಮ್ಮ ದೇಶ ಅದನ್ನು ಹತೋಟಿಗೆ ತಂದಿತು. ಮುಟ್ಟುವ ಮೊದಲು ಸೋಪಿನಿಂದ ಕೈ ತೊಳೆಯಿರಿ, ಲಂಗೋಟಿಯನ್ನು ಹೊಕ್ಕುಳದ ಕೆಳಗೆ ಕಟ್ಟಿ. ಒಂದೆರಡು ವಾರದಲ್ಲಿ ತಾನೇ ಉದುರುತ್ತದೆ, ಎಳೆಯಬೇಡಿ. ಸುತ್ತ ಕೆಂಪಾದರೆ, ಕೀವು ಬಂದರೆ, ನಾತ ಹೊಡೆದರೆ, ಕೂಸಿನ ಮೈ ಬಿಸಿಯಾದರೆ ಅಥವಾ ಮೂರು ವಾರವಾದರೂ ಉದುರದಿದ್ದರೆ ದವಾಖಾನೆಗೆ ಹೋಗಿ. ಕೀವು, ಜ್ವರ ಇದ್ದರೆ ಮರುದಿನದವರೆಗೆ ಕಾಯಬೇಡಿ.