ಉಣ್ಣದ ದಿನ ಸೂಜಿ ಬಿಡಬಹುದೇ?

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ, ಟೈಪ್ 1 ಮಧುಮೇಹ. ಪ್ರವಾಹದಲ್ಲಿ ಮನೆಗೆ ನೀರು ನುಗ್ಗಿ ಐದು ದಿನ ಪರಿಹಾರ ಕೇಂದ್ರದಲ್ಲಿದ್ದೆವು. ಫ್ರಿಜ್ ಇಲ್ಲದೆ ಇನ್ಸುಲಿನ್ ಕೆಟ್ಟೀತೆಂದು ಬಾಟಲಿಯನ್ನು ಐಸ್ ತುಂಡುಗಳ ನಡುವೆ ಹುಗಿದಿಟ್ಟಿದ್ದೆ. ಮೂರನೆಯ ದಿನ ಅವಳು ಏನೂ ಉಣ್ಣಲಿಲ್ಲ. ಶುಗರ್ ತೀರಾ ಇಳಿದೀತೆಂದು ಹೆದರಿ ಅಂದಿನ ಸೂಜಿಗಳನ್ನೆಲ್ಲ ಬಿಟ್ಟೆ. ಮರುದಿನ ವಾಂತಿ, ಹೊಟ್ಟೆನೋವು, ಆಸ್ಪತ್ರೆಗೆ ಸೇರಿಸಬೇಕಾಯಿತು. ಈಗ ಹುಷಾರಾಗಿದ್ದಾಳೆ. ನಾನು ಎಲ್ಲಿ ತಪ್ಪಿದೆ ಡಾಕ್ಟರೇ?

ಉತ್ತರ: ಎರಡು ಕಡೆ ತಪ್ಪಿದ್ದೀರಿ ತಾಯಿ. ಎರಡೂ ಮಗುವಿನ ಮೇಲಿನ ಕಾಳಜಿಯಿಂದಲೇ ಆದದ್ದು, ಹಾಗಾಗಿ ಬೈಯಲಾರೆ.

ಮೊದಲು ಸೂಜಿಯ ಮಾತು. ಇನ್ಸುಲಿನ್ ಬೇಕಾಗುವುದು ಉಂಡದ್ದಕ್ಕೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಹೊಟ್ಟೆ ಖಾಲಿ ಇದ್ದರೂ ಯಕೃತ್ತು ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಜ್ವರ, ಭಯ ಇದ್ದಾಗ ಇನ್ನೂ ಹೆಚ್ಚು. ಇನ್ಸುಲಿನ್ ಇಲ್ಲದಿದ್ದರೆ ಆ ಸಕ್ಕರೆ ಬಳಕೆಯಾಗದೆ ದೇಹ ಕೊಬ್ಬನ್ನು ಕರಗಿಸತೊಡಗುತ್ತದೆ, ಕೀಟೋನ್ ಎಂಬ ಆಮ್ಲ ರಕ್ತದಲ್ಲಿ ಸೇರುತ್ತದೆ. ವಾಂತಿ, ಹೊಟ್ಟೆನೋವು ಬಂದದ್ದು ಇದರಿಂದಲೇ. ಇದಕ್ಕೆ ಕೆಲವೊಮ್ಮೆ ಒಂದು ದಿನವೂ ಬೇಕಾಗುವುದಿಲ್ಲ. ಊಟಕ್ಕೆಂದು ಕೊಡುವ ಡೋಸನ್ನು ಉಂಡಷ್ಟಕ್ಕೆ ತಗ್ಗಿಸಬಹುದು, ಆದರೆ ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಪೂರ್ತಿ ನಿಲ್ಲಿಸುವಂತಿಲ್ಲ. ಎಷ್ಟು ತಗ್ಗಿಸಬೇಕೆಂದು ನಿಮ್ಮ ವೈದ್ಯರಿಂದ ಈಗಲೇ ಕಾಗದದ ಮೇಲೆ ಬರೆಸಿಕೊಳ್ಳಿ. ಅಂಥ ಹೊತ್ತಿನಲ್ಲಿ ಫೋನ್ ಸಿಕ್ಕೀತೆಂಬ ಭರವಸೆ ಇಲ್ಲ.

ಇದರಲ್ಲಿ ನಾನೂ ಎಡವಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಇಂಥದ್ದೇ ಒಂದು ಶಿಬಿರದಲ್ಲಿ ವಾಂತಿ ಮಾಡುತ್ತಿದ್ದ ಹುಡುಗನನ್ನು ನೋಡಿ, ಕೆಟ್ಟ ನೀರು ಕುಡಿದಿದ್ದಾನೆಂದು ಓಆರ್‌ಎಸ್ ಬರೆದು ಮುಂದಿನ ಮಗುವಿನ ಕಡೆ ತಿರುಗಿದೆ. ಅವನ ಉಸಿರು ಆಳವಾಗಿ, ಎಳೆದೆಳೆದು ಬರುತ್ತಿದೆ ಎಂದು ಗಮನಿಸಿದ್ದು ನನ್ನ ಜೊತೆಗಿದ್ದ ನರ್ಸ್. ಬಾಯಿಯ ಹತ್ತಿರ ಮೂಗು ಒಯ್ದಾಗ ಹಣ್ಣಿನ ವಾಸನೆ. ಬೆರಳು ಚುಚ್ಚಿ ನೋಡಿದರೆ ಮೀಟರ್ ಸಂಖ್ಯೆಯನ್ನೇ ತೋರಿಸಲಿಲ್ಲ, ‘ಹೈ’ ಎಂದಿತು. ಹುಡುಗ ಉಳಿದ, ಅವಳಿಂದ. ಅಂದಿನಿಂದ ಮಧುಮೇಹವಿರುವ ಮಗು ವಾಂತಿ ಮಾಡಿತೆಂದರೆ ನಾನು ಮೊದಲು ಕೀಟೋನ್ ನೋಡುತ್ತೇನೆ. ಮೂತ್ರದಲ್ಲಿ ಅದ್ದಿ ನೋಡುವ ಪಟ್ಟಿ ಸಾಕು. ಶುಗರ್ 250 ದಾಟಿದಾಗಲೂ ನೋಡಬೇಕು. ಕೀಟೋನ್ ಇದ್ದು ವಾಂತಿ ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆಗೆ ಹೊರಡಿ.

ಇನ್ನು ಐಸ್. ಎಲ್ಲರೂ ಬಿಸಿಗೆ ಹೆದರುತ್ತಾರೆ, ಇನ್ಸುಲಿನ್‌ಗೆ ಹೆಪ್ಪುಗಟ್ಟುವುದೂ ಅಷ್ಟೇ ಕೆಡುಕು. ಒಮ್ಮೆ ಹೆಪ್ಪುಗಟ್ಟಿ ಕರಗಿದ ಬಾಟಲಿ ನೋಡಲು ಚೆನ್ನಾಗಿಯೇ ಇರಬಹುದು, ಕೆಲಸ ಮಾತ್ರ ಮಾಡದು. ಬಳಕೆಯಲ್ಲಿರುವ ಬಹುತೇಕ ಇನ್ಸುಲಿನ್‌ಗಳು 30 ಡಿಗ್ರಿ ಮೀರದಿದ್ದರೆ ಫ್ರಿಜ್ ಇಲ್ಲದೆಯೂ ಸುಮಾರು ನಾಲ್ಕು ವಾರ ತಾಳುತ್ತವೆ. ಹಾಗಾಗಿ ಐದು ದಿನಕ್ಕೆ ಐಸ್ ಬೇಕೇ ಇರಲಿಲ್ಲ. ಬಾಟಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಒದ್ದೆ ಬಟ್ಟೆ ಸುತ್ತಿ, ಗಾಳಿಯಾಡುವ ನೆರಳಿನಲ್ಲಿಟ್ಟರೆ ಸಾಕಿತ್ತು. ಮಣ್ಣಿನ ಮಡಕೆ ಸಿಕ್ಕರೆ ಇನ್ನೂ ಒಳ್ಳೆಯದು.

ನೀವು ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ದಾನವಾಗಿ ಬಂದ ಔಷಧಿ ರಾಶಿಯಲ್ಲಿ 40ರ ಬಾಟಲಿಯೂ (ಒಂದು ಮಿ.ಲೀ.ಯಲ್ಲಿ 40 ಯೂನಿಟ್ ಇನ್ಸುಲಿನ್ ಇರುವುದು) 100ರ ಬಾಟಲಿಯೂ (100 ಯೂನಿಟ್ ಇರುವುದು) ಬೆರೆತಿರಬಹುದು. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ ಅದೇ ಗೆರೆಗೆ ಎರಡೂವರೆ ಪಟ್ಟು ಔಷಧಿ ಒಳಗೆ ಹೋಗುತ್ತದೆ. ಬಾಟಲಿಯ ಸಂಖ್ಯೆ, ಸಿರಿಂಜಿನ ಸಂಖ್ಯೆ ಎರಡನ್ನೂ ಗಟ್ಟಿಯಾಗಿ ಓದಿ ತಾಳೆ ನೋಡಿ. ಬೇರೆಯವರ ಸಿರಿಂಜ್ ಮಾತ್ರ ಯಾವ ಕಾರಣಕ್ಕೂ ಬೇಡ.

ಶುಗರ್ ಇಳಿಯುವ ನಿಮ್ಮ ಭಯ ಸುಳ್ಳಲ್ಲ. 70ಕ್ಕಿಂತ ಕೆಳಗೆ ಬಂದರೆ ಎರಡು ಟೀ ಚಮಚ ಸಕ್ಕರೆ ತಿನ್ನಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಮಲಗಿಸಿ ಸಹಾಯಕ್ಕೆ ಕರೆಯಿರಿ. ಹೀಗಾಗಿ ನೀರು ಇಳಿಯದ ಚೀಲದಲ್ಲಿ ಇನ್ಸುಲಿನ್, ಸಿರಿಂಜ್, ಮೀಟರ್, ಬ್ಯಾಟರಿ, ಸ್ಟ್ರಿಪ್ ಇವುಗಳ ಜೊತೆ ಸಕ್ಕರೆಯ ಪೊಟ್ಟಣವೂ ಇರಲಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ಸದಾ ಬಿಗಿಯಾಗಿರಬೇಕು. ತೇವ ತಗುಲಿದರೆ ಲೆಕ್ಕ ತಪ್ಪುತ್ತದೆ.

ಮನೆಗೆ ಮರಳಿದ ಮೇಲೂ ಕೆಲವು ವಾರ ಶುಗರ್ ಏರುಪೇರಾಗಬಹುದು. ಮಗಳೂ ಕೆಸರು ತೆಗೆಯಲು ಕೈಜೋಡಿಸಿದ ದಿನ ರಾತ್ರಿ ಒಮ್ಮೆ ಎಬ್ಬಿಸಿ ಪರೀಕ್ಷಿಸಿ. ಐಸ್‌ನಲ್ಲಿಟ್ಟ ಆ ಬಾಟಲಿ ಇನ್ನೂ ಮನೆಯಲ್ಲಿದ್ದರೆ ಇವತ್ತೇ ಎಸೆದುಬಿಡಿ.