ಬಾಡಿಗೆ ದುಬಾರಿ, ಜಾಗ ಇಲ್ಲ, ಆದರೂ ಬೆಳೆಯುವ ನಗರಕ್ಕೇ ಜನ ಯಾಕೆ ಬರುತ್ತಾರೆ?

ನೀವು ಕೇಳಿದ್ದಕ್ಕೆ ಎಲ್ಲರೂ ಹೇಳುವ ಉತ್ತರ ‘ಕೆಲಸಕ್ಕಾಗಿ’. ಅದು ನಿಜವೇ, ಆದರೆ ಅರ್ಧ ಮಾತ್ರ.

ನಾನೂ ಹಾಗೆ ಬಂದವನೇ. ಬರುವಾಗ ನನ್ನ ಕೈಯಲ್ಲಿ ಕೆಲಸ ಇರಲಿಲ್ಲ, ಒಂದು ವಿಳಾಸ ಇತ್ತು. ಪರಿಚಯದ ಹುಡುಗನೊಬ್ಬನ ರೂಮು. ಅವನಿಗೆ ರಾತ್ರಿ ಪಾಳಿ. ಅವನು ಹೊರಟ ಮೇಲೆ ಅದೇ ಹಾಸಿಗೆಯಲ್ಲಿ ನಾನು ಮಲಗುತ್ತಿದ್ದೆ. ಬೆಳಿಗ್ಗೆ ಅವನು ಬಂದು ಬೂಟು ಬಿಚ್ಚುವಷ್ಟರಲ್ಲಿ ಎದ್ದು ಜಾಗ ಬಿಡುತ್ತಿದ್ದೆ. ಕೆಲಸ ಕೊಡಿಸಿದವನೂ ಅವನೇ. ಮರುವರ್ಷ ನನ್ನ ವಿಳಾಸ ಹಿಡಿದು ತಮ್ಮ ಬಂದ. ಜನ ಸುಮ್ನೆ ಯಾವುದೋ ನಗರಕ್ಕೆ ಹೋಗುವುದಿಲ್ಲ, ತಮ್ಮವರು ಒಬ್ಬರಾದರೂ ಇರುವ ಕಡೆ ಹೋಗುತ್ತಾರೆ.

ಇನ್ನು, ಬೆಳೆಯುವ ನಗರವೇ ಯಾಕೆ? ಅಲ್ಲಿ ಬೆಳವಣಿಗೆಯೇ ಕೆಲಸ ಹುಟ್ಟಿಸುತ್ತದೆ. ಹೊಸದಾಗಿ ಬಂದವನಿಗೂ ಮನೆ ಬೇಕು, ಊಟ ಬೇಕು, ಓಡಾಡಲು ಗಾಡಿ ಬೇಕು. ಅಮೆರಿಕದ ಶಿಕಾಗೋ ನೋಡಿ. 1840ರಲ್ಲಿ ಅಲ್ಲಿ 5 ಸಾವಿರ ಜನವೂ ಇರಲಿಲ್ಲ, 1890ಕ್ಕೆ 10 ಲಕ್ಷ ದಾಟಿತ್ತು. ನಡುವೆ 1871ರಲ್ಲಿ ದೊಡ್ಡ ಬೆಂಕಿ ಬಿದ್ದು ಸುಮಾರು 1 ಲಕ್ಷ ಜನ ಮನೆ ಕಳೆದುಕೊಂಡರು. ಆದರೂ ಜನ ಬರುವುದು ನಿಲ್ಲಲಿಲ್ಲ. ಸುಟ್ಟ ಊರನ್ನು ಮತ್ತೆ ಕಟ್ಟುವುದಕ್ಕೂ ಬಡಗಿ, ಗಾರೆಯವರು ಬೇಕಲ್ವಾ?

ಕೆಲಸ ಸಿಗದವರು ಕಣ್ಣೆದುರಿಗೇ ಇದ್ದರೂ ಹೊಸಬರು ಬರುತ್ತಾರೆ. ಇದಕ್ಕೆ ಹ್ಯಾರಿಸ್ ಮತ್ತು ಟೊಡಾರೊ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಕೊಟ್ಟ ಕಾರಣ ನನಗೆ ಸರಿ ಅನ್ನಿಸುತ್ತದೆ. ಕೂಲಿ ಎಷ್ಟು ಅನ್ನುವುದರ ಜೊತೆಗೆ ಕೆಲಸ ಸಿಗುವ ಸಾಧ್ಯತೆ ಎಷ್ಟು ಅಂತಲೂ ಜನ ಲೆಕ್ಕ ಹಾಕುತ್ತಾರೆ. ಒಂದು ಕೆಲಸ ಹೋದರೆ ಪಕ್ಕದ ಬೀದಿಯಲ್ಲಿ ಇನ್ನೊಂದು ಸಿಗಬಹುದು ಅನ್ನುವ ಧೈರ್ಯ ದೊಡ್ಡದು.

ಮಳೆ ಕೈಕೊಡುವುದು, ಭೂಮಿ ಪಾಲಾಗಿ ಸಣ್ಣದಾಗುವುದು, ಯುದ್ಧ, ಇವೆಲ್ಲ ನಿಮಗೆ ಗೊತ್ತೇ ಇವೆ. ಆದರೆ ಯಾರೂ ಹೆಚ್ಚು ಮಾತಾಡದ ಇನ್ನೊಂದು ಕಾರಣ ಇದೆ. ನಗರದಲ್ಲಿ ‘ನೀನು ಯಾರ ಮಗ, ಯಾರ ಮಗಳು’ ಅಂತ ದಿನವೂ ಕೇಳುವವರಿಲ್ಲ. ಎಷ್ಟೋ ಹೆಣ್ಣುಮಕ್ಕಳಿಗೆ ಸಂಬಳಕ್ಕಿಂತ ಇದೇ ದೊಡ್ಡದು. ನಾನು ಇದನ್ನು ಹತ್ತಿರದಿಂದ ನೋಡಿದ್ದೇನೆ.

ಎಲ್ಲರೂ ಬಂದು ಉಳಿದೇ ಬಿಡುತ್ತಾರೆ ಅಂದುಕೊಳ್ಳಬೇಡಿ. ಬ್ರಿಟನ್ನಿನ ಜನಗಣತಿ ಅಂಕಿಗಳನ್ನು ನೋಡಿ ಭೂಗೋಳತಜ್ಞ ರಾವೆನ್‌ಸ್ಟೈನ್ 1885ರಲ್ಲೇ ಬರೆದಿದ್ದರು, ಬರುವ ಹರಿವಿದ್ದಲ್ಲಿ ವಾಪಸ್ ಹೋಗುವ ಹರಿವೂ ಇರುತ್ತದೆ ಎಂದು. ನನಗೆ ಹಾಸಿಗೆ ಕೊಟ್ಟ ಹುಡುಗ ಆರು ವರ್ಷ ದುಡಿದು ಊರಿಗೆ ಹಿಂತಿರುಗಿದ. ಆ ರೂಮಿನಲ್ಲಿ ಈಗ ನನ್ನ ತಮ್ಮ ಇದ್ದಾನೆ.